ಓದುಗರ ಪ್ರಶ್ನೆ, ನಮ್ಮ ಉತ್ತರ: ರೊಮೇನಿಯಾದಲ್ಲಿ ಕೈಗೆ ಸಿಕ್ಕ ಒಂದೇ ದಿನ

ಪ್ರಶ್ನೆ: ನಮ್ಮ ಮಗಳು ಕೆಲಸದ ನಿಮಿತ್ತ ರೊಮೇನಿಯಾದ ಬುಕಾರೆಸ್ಟ್‌ನಲ್ಲಿದ್ದಾಳೆ. ಮೇ ತಿಂಗಳ ಕೊನೆಗೆ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ಅವಳಿಗೆ ರಜೆ ಸಿಗುವುದು ಒಂದೇ ಶನಿವಾರ. ಅಲ್ಲಿನ ಏಜೆಂಟರೊಬ್ಬರು ಖಾಸಗಿ ಕಾರು, ಮಾರ್ಗದರ್ಶಿ ಸಮೇತ ಒಂದು ದಿನದಲ್ಲಿ ಪೆಲೆಶ್ ಅರಮನೆ, ಡ್ರಾಕುಲಾನ ಬ್ರಾನ್ ಕೋಟೆ, ಬ್ರಶೋವ್ ಪಟ್ಟಣ, ಊಟ ಮತ್ತು ಸಂಜೆ ವೈನ್ ಎಂದು ಪಟ್ಟಿ ಕೊಟ್ಟಿದ್ದಾರೆ. ಇಷ್ಟೆಲ್ಲ ಒಂದು ದಿನದಲ್ಲಿ ಆಗುತ್ತದೆಯೇ? (ಓದುಗರೊಬ್ಬರು, ಜಯನಗರ, ಬೆಂಗಳೂರು)

ಉತ್ತರ: ಆಗುತ್ತದೆ, ಆದರೆ ಹೆಚ್ಚಿನದನ್ನು ಕಾರಿನ ಕಿಟಕಿಯಿಂದಲೇ ನೋಡಬೇಕಾಗುತ್ತದೆ. ಬುಕಾರೆಸ್ಟ್‌ನಿಂದ ಬ್ರಾನ್‌ಗೆ ಸುಮಾರು 180 ಕಿಲೋಮೀಟರ್. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಇದು ರಸ್ತೆ ಬಿಡುವಾಗಿರುವ ದಿನದ ಲೆಕ್ಕ. ಬೆಟ್ಟಗಳ ನಡುವಿನ ಪ್ರಾಹೊವಾ ಕಣಿವೆಯ ಮೂಲಕ ಹಾದುಹೋಗುವ ಆ ದಾರಿಗೆ ವಾರಾಂತ್ಯದಲ್ಲಿ ರಾಜಧಾನಿಯ ಅರ್ಧ ಜನ ಇಳಿಯುತ್ತಾರೆ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಬುಡದಲ್ಲಿ ವಾಹನಗಳ ಸಾಲಿನಲ್ಲಿ ನಿಂತವರಿಗೆ ಆ ಪಾಡನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಾನು ಒಮ್ಮೆ ಇಂಥದೇ ಪಟ್ಟಿಯನ್ನು ನಂಬಿ ಶನಿವಾರ ಹೊರಟು, ಸಂಜೆ ವೈನ್ ನೆಲಮಾಳಿಗೆಯ ಮುಂದೆ ಇಳಿಯುವ ಹೊತ್ತಿಗೆ ಬಾಗಿಲಿಗೆ ಬೀಗ ಬಿದ್ದಿತ್ತು. ಹಣವನ್ನು ಮೊದಲೇ ಕಟ್ಟಿಯಾಗಿತ್ತು.

ಬ್ರಾನ್ ಕೋಟೆ ನೋಡಲು ಚೆನ್ನಾಗಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಡ್ರಾಕುಲಾ ಎಂದು ಹೆಸರಾದ ಹದಿನೈದನೆಯ ಶತಮಾನದ ದೊರೆ ವ್ಲಾದ್ ತ್ಸೆಪೆಶ್‌ಗೂ ಇರುವ ನಂಟು ಬಹಳ ತೆಳುವಾದದ್ದು. 1377ರಲ್ಲಿ ಹಂಗೆರಿಯ ದೊರೆ ಒಂದನೇ ಲೂಯಿಯ ಅನುಮತಿ ಪಡೆದು ಬ್ರಶೋವ್‌ನ ಜರ್ಮನ್ ಮೂಲದ ವರ್ತಕರು ತಮ್ಮ ಖರ್ಚಿನಲ್ಲಿ ಕಟ್ಟಿಸಿದ ಗಡಿಕೋಟೆ ಅದು. ವ್ಲಾದ್ ಆಳಿದ್ದು ಬೆಟ್ಟದ ಈಚೆ, ಬುಕಾರೆಸ್ಟ್ ಇರುವ ಕಡೆಯ ವಲಾಕಿಯಾ ನಾಡನ್ನು. 1897ರಲ್ಲಿ ಡ್ರಾಕುಲಾ ಕಾದಂಬರಿಯನ್ನು ಪ್ರಕಟಿಸಿದ ಬ್ರಾಮ್ ಸ್ಟೋಕರ್ ರೊಮೇನಿಯಾದ ನೆಲ ಮೆಟ್ಟಿದವನೇ ಅಲ್ಲ. ಹೀಗಿರುವಾಗ ಆರು ಗಂಟೆಯನ್ನು ರಸ್ತೆಗೆ ಸುರಿದು ಬೇರೆಯವರ ಕೋಟೆಯಲ್ಲಿ ವ್ಲಾದ್‌ನನ್ನು ಹುಡುಕುವ ಬದಲು, ಅವನ ಹೆಜ್ಜೆ ನಿಜವಾಗಿ ಬಿದ್ದ ಬಯಲು ಸೀಮೆಯಲ್ಲೇ ದಿನ ಕಳೆಯಿರಿ ಎಂಬುದು ನನ್ನ ಸಲಹೆ. ಏಜೆಂಟರ ಪಟ್ಟಿಯನ್ನು ಹಿಂದಿರುಗಿಸಿ, ಮೊಗೊಶ್ವಾಯ ಅರಮನೆ, ಸ್ನಾಗೋವ್ ಮಠ, ಆಮೇಲೆ ದ್ಯಾಲು ಮಾರೆ ದ್ರಾಕ್ಷಿ ಸೀಮೆ ಎಂಬ ದಾರಿಯನ್ನು ಕೇಳಿ. ಹೋಗಿಬರುವ ದೂರ ಅರ್ಧಕ್ಕಿಂತ ಹೆಚ್ಚಾಗುವುದಿಲ್ಲ. ಮೇ ಕೊನೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯ ತನಕ ಬೆಳಕಿರುವುದರಿಂದ ಆತುರಪಡಬೇಕಾಗಿಲ್ಲ.

ಬೆಳಗ್ಗೆ ಬುಕಾರೆಸ್ಟ್‌ನ ಹಳೆಯ ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿ. ಅಲ್ಲಿ ಹಳೆಯ ರಾಜಾವಾಸದ ಅವಶೇಷಗಳಿವೆ. ಬುಕುರ್ ಎಂಬ ಕುರುಬ ಕಟ್ಟಿದ ಊರಾದ್ದರಿಂದ ಈ ಹೆಸರು ಬಂತೆಂದು ಅಲ್ಲಿಯವರು ಕಥೆ ಹೇಳುತ್ತಾರೆ. ಊರಿನ ಹೆಸರು ಮೊದಲು ಕಾಣಿಸುವ ದಾಖಲೆಯಾದರೋ 1459ರ ಸೆಪ್ಟೆಂಬರ್ 20ರದು, ಅದನ್ನು ಹೊರಡಿಸಿದವನು ಇದೇ ವ್ಲಾದ್. ಹಸಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನು ಮಕ್ಕಳಿಗೆ ಹೇಳುತ್ತ, ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ವೀರಗಲ್ಲಿನಲ್ಲೇ ‘ಬೆಂಗಳೂರು’ ಎಂಬ ಹೆಸರು ಕೆತ್ತಿರುವುದನ್ನೂ ಬಲ್ಲ ನಮಗೆ, ಕಥೆ ಒಂದು ಕಡೆ, ಬರಹ ಒಂದು ಕಡೆ ನಿಲ್ಲುವುದು ಹೊಸದೇನಲ್ಲ.

ಮೊಗೊಶ್ವಾಯ ಊರಿನಿಂದ ಹದಿನೈದು ಕಿಲೋಮೀಟರ್ ಆಚೆ, ಕೆರೆಯ ದಡದಲ್ಲಿದೆ. 1702ರಲ್ಲಿ ಮುಗಿದ ಈ ಅರಮನೆಯನ್ನು ಕಟ್ಟಿಸಿದವನು ವಲಾಕಿಯಾದ ದೊರೆ ಕೊನ್‌ಸ್ತಾಂತಿನ್ ಬ್ರಿಂಕೊವ್ಯಾನು. ಕೆರೆಯ ಕಡೆಗೆ ತೆರೆದುಕೊಂಡ ಕಮಾನುಗಳ ಪಡಸಾಲೆಯಲ್ಲಿ ವೆನಿಸ್ಸೂ ತುರ್ಕಿಯೂ ಒಟ್ಟಿಗೆ ಕಾಣುತ್ತವೆ. ಆ ಪಡಸಾಲೆಯ ಕಂಬಕ್ಕೊರಗಿ ನೀರು ನೋಡುತ್ತ ಕುಳಿತವರಿಗೆ ಅವನ ಕೊನೆ ನೆನಪಾಗದಿರದು: 1714ರ ಆಗಸ್ಟ್ 15ರಂದು ಒಟ್ಟೊಮನ್ ಸುಲ್ತಾನನ ಆಜ್ಞೆಯಂತೆ ಇಸ್ತಾಂಬುಲ್‌ನಲ್ಲಿ, ಅವನ ನಾಲ್ಕು ಗಂಡುಮಕ್ಕಳ ಜೊತೆಗೆ ಅವನ ತಲೆಯನ್ನೂ ಕಡಿಯಲಾಯಿತು. ಅಲ್ಲಿನ ಚರ್ಚು ಈಗ ಅವನನ್ನು ಸಂತನೆಂದು ಪೂಜಿಸುತ್ತದೆ.

ಸ್ನಾಗೋವ್ ಮಠ ಇನ್ನೂ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಉತ್ತರಕ್ಕೆ, ಸರೋವರದ ನಡುವಿನ ದ್ವೀಪದಲ್ಲಿದೆ. ಈಗ ನಡೆದು ಹೋಗುವ ಸೇತುವೆಯಿದೆ. ಒಳಗೆ ಪೂಜಾಸ್ಥಾನದ ಮುಂದೆ ವ್ಲಾದ್‌ನ ಸಮಾಧಿಯೆಂದು ಹೇಳುವ, ನೆಲಕ್ಕೆ ಹಾಸಿದ ಚಪ್ಪಡಿಯೊಂದಿದ್ದು, ಅದರ ಬಳಿ ಅವನ ಸಣ್ಣ ಚಿತ್ರವನ್ನೂ ದೀಪವನ್ನೂ ಇಟ್ಟಿರುತ್ತಾರೆ. 1933ರಲ್ಲಿ ಪುರಾತತ್ತ್ವಜ್ಞ ದಿನು ರೊಸೆಟ್ಟಿ ಆ ಚಪ್ಪಡಿಯನ್ನು ಎತ್ತಿಸಿ ನೋಡಿದಾಗ ಕೆಳಗೆ ಸಿಕ್ಕಿದ್ದು ಪ್ರಾಣಿಗಳ ಎಲುಬು. ಆದರೂ ದೀಪ ಆರಿಲ್ಲ. ಇದೇ ದ್ವೀಪದಲ್ಲಿ ಜಾರ್ಜಿಯಾದಿಂದ ಬಂದ ಸನ್ಯಾಸಿ ಅಂತಿಮ್ ಇವಿರ್ಯಾನುಲ್ ಮುದ್ರಣಾಲಯ ನಡೆಸಿ, ಬ್ರಿಂಕೊವ್ಯಾನುವಿನ ನೆರವಿನಿಂದ 1701ರಲ್ಲಿ ಗ್ರೀಕ್ ಮತ್ತು ಅರಬ್ಬಿ ಎರಡರಲ್ಲೂ ಪ್ರಾರ್ಥನಾ ಗ್ರಂಥವನ್ನು ಅಚ್ಚು ಹಾಕಿಸಿದ. ಮಾರ್ಗದರ್ಶಿಗಳು ರಕ್ತದ ಕಥೆಯ ಭರದಲ್ಲಿ ಇದನ್ನು ಹೇಳಲು ಮರೆಯುತ್ತಾರೆ, ನೀವೇ ಕೇಳಿ.

ವ್ಲಾದ್‌ನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ತಂದೆಗೆ ಡ್ರಾಗನ್ ಹೆಸರಿನ ಕ್ಷಾತ್ರಸಂಘದ ಸದಸ್ಯತ್ವ ಸಿಕ್ಕಿದ್ದರಿಂದ ‘ದ್ರಾಕುಲ್’ ಎಂಬ ಬಿರುದು ಬಂತು, ಮಗ ‘ದ್ರಾಕುಲ್ಯಾ’ ಆದ. ಇಂದಿನ ರೊಮೇನಿಯನ್ ಮಾತಿನಲ್ಲಿ ಅದೇ ಪದಕ್ಕೆ ದೆವ್ವವೆಂಬ ಅರ್ಥ. ‘ತ್ಸೆಪೆಶ್’ ಎಂದರೆ ಶೂಲಕ್ಕೇರಿಸುವವನು. 1462ರ ಜೂನ್‌ನಲ್ಲಿ ಸುಲ್ತಾನ ಎರಡನೇ ಮೆಹಮದ್‌ನ ಬಿಡಾರದ ಮೇಲೆ ರಾತ್ರಿ ದಾಳಿ ಮಾಡಿದ ಧೈರ್ಯವೂ ಅವನದೇ, ಶೂಲಗಳ ಕಾಡನ್ನು ನೆಟ್ಟ ಕ್ರೌರ್ಯವೂ ಅವನದೇ. ಅವನ ಕ್ರೌರ್ಯದ ಕಥೆಗಳು ಜರ್ಮನಿಯಲ್ಲಿ ಅಚ್ಚಾಗಿ ಹರಡಿದವು. ಅವನದೇ ನಾಡಿನಲ್ಲಿ ಮಾತ್ರ ಆ ಕಾಲದಲ್ಲಿ ಬಾವಿಯ ದಂಡೆಯ ಮೇಲೆ ಬಂಗಾರದ ಬಟ್ಟಲನ್ನು ಇಟ್ಟಿದ್ದರೂ ಯಾರೂ ಕದಿಯುತ್ತಿರಲಿಲ್ಲ ಎಂದು ಹೇಳಿಕೊಂಡರು.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿನ ಊಟವೆಲ್ಲ ಮಾಂಸವೆಂದು ಕೇಳಿದ್ದೇವೆ. ಚಪಾತಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡೇ ಹೋಗಬೇಕೇ? (ಓದುಗರೊಬ್ಬರು, ಮಲ್ಲೇಶ್ವರಂ, ಬೆಂಗಳೂರು)

ಉತ್ತರ: ಗೊಜ್ಜು ಜೊತೆಗಿರಲಿ, ಅದು ಯಾವ ದೇಶದಲ್ಲೂ ಕೈಬಿಡುವುದಿಲ್ಲ. ಆದರೆ ಎರಡು ಶಬ್ದ ಕಲಿತರೆ ಹಸಿದಿರಬೇಕಾಗಿಲ್ಲ: ‘ದೆ ಪೋಸ್ತ್’. ಉಪವಾಸದ್ದು ಎಂದರ್ಥ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಹಬ್ಬಗಳ ಮುಂಚಿನ ದೀರ್ಘ ವ್ರತಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಡುತ್ತಾರೆ. ‘ನಾವು ಸಸ್ಯಾಹಾರಿಗಳು’ ಎಂದರೆ ಕೋಳಿಯನ್ನು ತಂದಿಟ್ಟಾರು. ‘ದೆ ಪೋಸ್ತ್’ ಎಂದರೆ ಹಳ್ಳಿಯ ಅಡುಗೆಯವಳಿಗೂ ಥಟ್ಟನೆ ಅರ್ಥವಾಗುತ್ತದೆ.

ಹಾಗೆ ಕೇಳಿದರೆ ಸಿಗುವುದು ಏನೆಂದರೆ, ಬೇಯಿಸಿದ ಬಿಳಿ ಹುರುಳಿಕಾಯಿ ಬೀಜವನ್ನು ಅರೆದು ಮೇಲೆ ಹುರಿದ ಈರುಳ್ಳಿ ಹಾಕಿದ ‘ಫಸೊಲೆ ಬತೂತ’, ಸುಟ್ಟ ಬದನೆ ಮತ್ತು ಕೆಂಪು ದೊಣ್ಣೆ ಮೆಣಸಿನಕಾಯಿಯನ್ನು ಗಂಟೆಗಟ್ಟಲೆ ಬೇಯಿಸಿದ ‘ಜಾಕುಸ್ಕ’, ಅಣಬೆ ಮತ್ತು ಅಕ್ಕಿ ತುಂಬಿ ಹುಳಿಯಿಟ್ಟ ಎಲೆಕೋಸಿನಲ್ಲಿ ಸುತ್ತಿದ ‘ಸರ್ಮಾಲೆ’. ಸರ್ಮಾಲೆ ಸಾಮಾನ್ಯವಾಗಿ ಮಾಂಸದ್ದೇ ಆದ್ದರಿಂದ ಉಪವಾಸದ್ದೇ ಬೇಕೆಂದು ಒತ್ತಿ ಹೇಳಿ. ಸುಟ್ಟ ಬದನೆಯ ಇನ್ನೊಂದು ಪದಾರ್ಥವು ಥೇಟ್ ನಮ್ಮ ಬದನೆಕಾಯಿ ಬಜ್ಜಿಯಂತಿದ್ದರೂ ಅದಕ್ಕೆ ಮೊಟ್ಟೆಯ ಮಯೊನೇಸ್ ಬೆರೆಸುವುದುಂಟು. ಎಲ್ಲರೂ ಹೊಗಳುವ ‘ಪಪನಾಶ್’ ಎಂಬ ಚೀಸ್‌ನ ಕರಿದ ಸಿಹಿಯ ಹಿಟ್ಟಿನಲ್ಲೂ ಮೊಟ್ಟೆಯಿರುತ್ತದೆ. ಹುರುಳಿಕಾಯಿ ಬೀಜದ ಸಾರಿನಲ್ಲಿ ಹೊಗೆಯಾಡಿಸಿದ ಹಂದಿಮಾಂಸದ ತುಂಡು ಅಡಗಿರುವುದು ಸಾಮಾನ್ಯ.

ಆದರೆ ನೀವು ಹಳೆಯ ಮೈಸೂರು ಸೀಮೆಯವರಾದರೆ ನಿಮಗೆ ಅಲ್ಲಿ ನೆಂಟರು ಸಿಕ್ಕಂತಾಗುವುದು ‘ಮಮಲಿಗ’ದಲ್ಲಿ. ಕುದಿಯುವ ಉಪ್ಪುನೀರಿಗೆ ಜೋಳದ, ಅಂದರೆ ಮುಸುಕಿನ ಜೋಳದ ಹಿಟ್ಟನ್ನು ಸುರಿಯುತ್ತ, ಮರದ ಕೋಲಿನಿಂದ ಗಂಟಾಗದಂತೆ ತೊಳಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಪಾತ್ರೆಯನ್ನು ಮರದ ಹಲಗೆಯ ಮೇಲೆ ಬೋರಲು ಹಾಕಿದರೆ ಹಳದಿಯ ದೊಡ್ಡ ಮುದ್ದೆ ಹಬೆಯಾಡುತ್ತ ಕೂರುತ್ತದೆ. ಹಳೆಯ ಮನೆಗಳಲ್ಲಿ ಅದಕ್ಕೆ ಚಾಕು ಮುಟ್ಟಿಸುವುದಿಲ್ಲ. ನೂಲಿನ ಎಳೆಯೊಂದನ್ನು ಅಡಿಗೆ ತೂರಿಸಿ ಮೇಲಕ್ಕೆಳೆದು ಹೋಳು ಮಾಡುತ್ತಾರೆ. ಮುಸುಕಿನ ಜೋಳ ಆ ನಾಡಿಗೆ ಬಂದದ್ದು ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಮುಂಚೆ ಇದೇ ಮುದ್ದೆಯನ್ನು ಸಿರಿಧಾನ್ಯದ ಹಿಟ್ಟಿನಿಂದ ತೊಳಸುತ್ತಿದ್ದರು. ನುಂಗಬೇಕಾಗಿಲ್ಲ, ಅಗಿದೇ ತಿನ್ನುತ್ತಾರೆ ಎಂಬುದೊಂದೇ ವ್ಯತ್ಯಾಸ.

ಪ್ರಶ್ನೆ: ನಮ್ಮದು ದೇವನಹಳ್ಳಿ ಕಡೆ ದ್ರಾಕ್ಷಿ ತೋಟ. ಅಲ್ಲಿನ ದ್ರಾಕ್ಷಿಗೂ ನಮ್ಮ ಬೆಂಗಳೂರು ನೀಲಿಗೂ ಏನು ವ್ಯತ್ಯಾಸ? ವೈನ್ ಗೊತ್ತಿಲ್ಲದವರು ಹೋದರೆ ಪೆಚ್ಚಾಗುತ್ತಾರೆಯೇ? (ಓದುಗರೊಬ್ಬರು, ಯಲಹಂಕ, ಬೆಂಗಳೂರು)

ಉತ್ತರ: ಬೆಳೆಗಾರರಾದ ನೀವು ಪೆಚ್ಚಾಗುವ ಮಾತೇ ಇಲ್ಲ, ಗ್ಲಾಸಿಗಿಂತ ಮೊದಲು ತೋಟ ತೋರಿಸಿ ಎಂದು ಕೇಳಿ. ‘ದ್ಯಾಲು ಮಾರೆ’ ಎಂದರೆ ಅಕ್ಷರಶಃ ದೊಡ್ಡಬೆಟ್ಟ. ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳು, ಬುಕಾರೆಸ್ಟ್‌ನಿಂದ ಸುಮಾರು 80 ಕಿಲೋಮೀಟರ್. 45ನೆಯ ಅಕ್ಷಾಂಶದಲ್ಲಿರುವುದರಿಂದ ಫ್ರಾನ್ಸಿನ ಬೋರ್ಡೊ ಸೀಮೆಗೆ ಅದನ್ನು ಹೋಲಿಸಿ ಅಲ್ಲಿಯವರು ಬೀಗುತ್ತಾರೆ. ಬೆಂಗಳೂರು ನೀಲಿ ಅಮೆರಿಕದ ಬಳ್ಳಿಯ ಕುಲದ್ದು, ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಸಿಪ್ಪೆ ಒತ್ತಿದರೆ ತಿರುಳು ಜಾರಿ ಬರುತ್ತದೆ. ಅಲ್ಲಿಯ ಬಳ್ಳಿ ಯುರೋಪಿನದು. ಹಿಮ ಬೀಳುವ ತಿಂಗಳುಗಳಲ್ಲಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ, ಒಂದೇ ಕೊಯ್ಲು, ಅದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಬಳ್ಳಿ ಮಲಗುವುದೇ ಇಲ್ಲದ ನಮ್ಮ ಸೀಮೆಯಲ್ಲಿ ಚಾಟನಿಯ, ಅಂದರೆ ಬಳ್ಳಿ ಸವರುವ, ಕತ್ತರಿಯೇ ಚಳಿಗಾಲದ ಕೆಲಸ ಮಾಡಬೇಕು ಎಂದು ಅಲ್ಲಿಯ ಬೆಳೆಗಾರನಿಗೆ ಹೇಳಿ ನೋಡಿ. ಅವನೇ ನಿಮಗೆ ಪ್ರಶ್ನೆ ಕೇಳತೊಡಗುತ್ತಾನೆ.

ಅಲ್ಲಿಯದೇ ಆದ ತಳಿಗಳನ್ನು ಕೇಳಿ ರುಚಿ ನೋಡಿ, ಎಲ್ಲೆಡೆ ಸಿಗುವ ಕ್ಯಾಬರ್ನೆಯನ್ನಲ್ಲ. ‘ಫೆತ್ಯಾಸ್ಕ ನ್ಯಾಗ್ರ’, ಅಂದರೆ ಕಪ್ಪು ಕನ್ಯೆ, ಒಣಗಿದ ಪ್ಲಮ್ ಹಣ್ಣಿನ ವಾಸನೆಯ ಕೆಂಪು ವೈನ್. ಒಗರು ಬೇಡವೆನ್ನುವವರಿಗೆ ‘ತಮಯ್ವಾಸ ರೊಮನ್ಯಾಸ್ಕ’ ಇದೆ. ತಮಯ್ಯೆ ಎಂದರೆ ಧೂಪ, ಗ್ಲಾಸು ಮೂಗಿನ ಹತ್ತಿರ ಬಂದಾಗಲೇ ಹೂವಿನ ಪರಿಮಳ ಬರುತ್ತದೆ. ಬಿಳಿಯದು ಮೊದಲು, ಕೆಂಪು ಆಮೇಲೆ, ಒಂದೊಂದು ಗುಟುಕು. ಬಾಯಲ್ಲಾಡಿಸಿ ಪಕ್ಕದ ಪಾತ್ರೆಗೆ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ‘ತ್ಸುಯ್ಕ’ ಎಂಬ ಪ್ಲಮ್ ಸಾರಾಯಿಯನ್ನು ಊಟಕ್ಕೆ ಮುಂಚೆ ಸಣ್ಣ ಲೋಟದಲ್ಲಿ ಕೊಡುತ್ತಾರೆ, ಅದರ ಬಗ್ಗೆ ಎಚ್ಚರವಿರಲಿ. ಕುಡಿದು ವಾಹನ ನಡೆಸುವ ವಿಷಯದಲ್ಲಿ ಅಲ್ಲಿಯ ಕಾನೂನಿನ ಮಿತಿ ಸೊನ್ನೆ. ಒಂದು ಗುಟುಕಿಗೂ ರಿಯಾಯಿತಿಯಿಲ್ಲ. ಚಾಲಕನಿರುವ ಖಾಸಗಿ ಕಾರಿಗೆ ಹೆಚ್ಚು ಹಣ ಕೊಡುವುದಕ್ಕೆ ನನಗೆ ಒಪ್ಪಿಗೆಯಾಗುವ ಮುಖ್ಯ ಕಾರಣ ಇದೇ.

ಪ್ರಶ್ನೆ: ಜಾನಪದ ಓದುವ ವಿದ್ಯಾರ್ಥಿನಿ ನಾನು. ಡ್ರಾಕುಲಾನನ್ನು ಬಿಟ್ಟು ಆ ನಾಡಿನ ಬೇರೆ ಐತಿಹ್ಯವಿಲ್ಲವೇ? (ಓದುಗರೊಬ್ಬರು, ವಿಜಯನಗರ, ಬೆಂಗಳೂರು)

ಉತ್ತರ: ಇದೆ, ಮತ್ತು ಅದನ್ನು ನೀವು ಕನ್ನಡದಲ್ಲೇ ಕೇಳಿರುವಿರಿ. ಬುಕಾರೆಸ್ಟ್‌ನಿಂದ ವಾಯವ್ಯಕ್ಕೆ 150 ಕಿಲೋಮೀಟರ್ ದೂರದ ಕುರ್ತ್ಯಾ ದೆ ಅರ್ಜೆಶ್‌ನಲ್ಲಿ ನ್ಯಾಗೊಯೆ ಬಸರಾಬ್ ದೊರೆ ಕಟ್ಟಿಸಿ 1517ರಲ್ಲಿ ಪ್ರತಿಷ್ಠೆಯಾದ ಮಠವಿದೆ. ಜನ ಹೇಳುವ ಕಥೆಯಲ್ಲಿ ಅದನ್ನು ಕಟ್ಟಿದವನು ಮೇಸ್ತ್ರಿ ಮನೋಲೆ. ಹಗಲು ಎದ್ದ ಗೋಡೆ ರಾತ್ರಿ ಕುಸಿಯುತ್ತದೆ. ಬೆಳಗ್ಗೆ ಬುತ್ತಿ ಹೊತ್ತು ಮೊದಲು ಬರುವ ಹೆಂಗಸನ್ನು ಗೋಡೆಯೊಳಗೆ ಸೇರಿಸಿದರೆ ನಿಂತೀತೆಂದು ಅವನಿಗೆ ಕನಸಾಗುತ್ತದೆ. ದೂರದಲ್ಲಿ ಕಾಣಿಸಿದವಳು ಅವನದೇ ಹೆಂಡತಿ, ತುಂಬು ಬಸುರಿ ಆನಾ. ಅವಳು ಹಿಂದಿರುಗಲೆಂದು ಅವನು ಮಳೆಯನ್ನು ಬೇಡುತ್ತಾನೆ, ಬಿರುಗಾಳಿಯನ್ನು ಬೇಡುತ್ತಾನೆ. ಎರಡೂ ಬರುತ್ತವೆ, ಅವಳೂ ಬರುತ್ತಾಳೆ. ತಮಾಷೆಯೆಂದು ನಂಬಿಸಿ ಕಲ್ಲಿಡುತ್ತಾರೆ. ಗೋಡೆ ಅವಳ ಹರಡಿಗೆ ಏರುತ್ತದೆ, ಮೀನಖಂಡಕ್ಕೆ, ಪಕ್ಕೆಲುಬಿಗೆ, ಎದೆಗೆ, ಕಣ್ಣಿಗೆ.

ಕೆರೆಯಲ್ಲಿ ನೀರು ನಿಲ್ಲಲೆಂದು ಮಲ್ಲನಗೌಡ ಕಿರಿಸೊಸೆ ಭಾಗೀರಥಿಯನ್ನು ಹಾರ ಕೊಟ್ಟ ನಮ್ಮ ಕಥನಗೀತೆಯಲ್ಲಿ ಒಂದೊಂದು ಮೆಟ್ಟಿಲಿಗೆ ಗಂಗೆ ಏರಿಬರುವುದನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕಲ್ಲು, ಇಲ್ಲಿ ನೀರು. ಏರುವ ಲಯ ಒಂದೇ. ನಮ್ಮಲ್ಲಿ ದಂಡಿನಿಂದ ಮರಳಿದ ಗಂಡ ಕೆರೆಗೆ ಹಾರುತ್ತಾನೆ. ಅಲ್ಲಿ, ಇದಕ್ಕಿಂತ ಚೆಂದದ್ದನ್ನು ಕಟ್ಟಬಲ್ಲೆವೆಂದ ಮೇಸ್ತ್ರಿಗಳನ್ನು ದೊರೆ ಸಾರುವೆ ತೆಗೆಸಿ ಮಾಡಿನ ಮೇಲೇ ಬಿಟ್ಟುಬಿಡುತ್ತಾನೆ. ಮರದ ಹಲಗೆಯ ರೆಕ್ಕೆ ಕಟ್ಟಿಕೊಂಡು ಹಾರಿದ ಮನೋಲೆ ಬಿದ್ದಲ್ಲಿ ಬುಗ್ಗೆಯೆದ್ದಿತೆಂದು ಹೇಳಿ ಇಂದಿಗೂ ಒಂದು ಚಿಲುಮೆಯನ್ನು ತೋರಿಸುತ್ತಾರೆ. ಸೊಸೆಯನ್ನು ಕೆರೆಯೊಳಗೆ ಮರಳಿ ಕಳಿಸಲು ನೆಪವಾದದ್ದು ಬಂಗಾರದ ಬಟ್ಟಲೆಂಬುದೂ, ವ್ಲಾದ್‌ನ ಬಾವಿಯ ದಂಡೆಯ ಮೇಲಿದ್ದದ್ದೂ ಅದೇ ಎಂಬುದೂ ಕಾಕತಾಳೀಯ. ಅದರ ಮೇಲೆ ಪ್ರಬಂಧ ಬರೆಯಬೇಡಿ. ಸಾಧ್ಯವಾದರೆ ಈ ಊರಿಗೆ ಬೇರೆಯದೇ ದಿನ ಇಟ್ಟುಕೊಳ್ಳಿ. ದ್ರಾಕ್ಷಿ ಸೀಮೆಯ ಜೊತೆಗೆ ಇದನ್ನು ಸೇರಿಸಲಾಗದು.

ಪ್ರಶ್ನೆ: ಮಠದೊಳಗೆ ನಾವು ದೀಪ ಹಚ್ಚಬಹುದೇ? ವೈನ್ ಬಾಟಲಿ ಎಷ್ಟು ತರಬಹುದು? (ಓದುಗರೊಬ್ಬರು, ಬನಶಂಕರಿ, ಬೆಂಗಳೂರು)

ಉತ್ತರ: ಧಾರಾಳವಾಗಿ ಹಚ್ಚಿ, ಭುಜ ಮುಚ್ಚುವ ಉಡುಪಿರಲಿ. ಮೇಣದ ಬತ್ತಿ ಹಚ್ಚುವ ತಗಡಿನ ಪೆಟ್ಟಿಗೆಗಳು ಎರಡಿರುತ್ತವೆ: ‘ವೀ’ ಎಂದು ಬರೆದದ್ದು ಬದುಕಿರುವವರಿಗೆ, ‘ಮೊರ್ತ್ಸ್’ ಎಂದಿರುವುದು ತೀರಿಕೊಂಡವರಿಗೆ. ಮೊಮ್ಮಕ್ಕಳ ಪರೀಕ್ಷೆಗೆಂದು ಹಚ್ಚುವ ಬತ್ತಿಯನ್ನು ಎರಡನೆಯದರಲ್ಲಿ ಇಡದಂತೆ ನೋಡಿಕೊಳ್ಳಿ. ಬಾಟಲಿಯ ಮಟ್ಟಿಗೆ, ಸುಂಕವಿಲ್ಲದೆ ಭಾರತಕ್ಕೆ ತರಬಹುದಾದದ್ದು ತಲೆಗೆ 2 ಲೀಟರ್. ಬೆಂಗಳೂರಿಗೆ ನೇರ ವಿಮಾನವಿಲ್ಲದ ಕಾರಣ ನಡುವೆ ಎಲ್ಲೋ ವಿಮಾನ ಬದಲಿಸಬೇಕಾಗುತ್ತದೆ. ಬಾಟಲಿಯನ್ನು ಕೈಚೀಲದಲ್ಲಿಟ್ಟರೆ ಅಲ್ಲಿಯ ತಪಾಸಣೆಯಲ್ಲಿ ಕಿತ್ತುಕೊಂಡಾರು, ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಹಾಕಿ.