ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಪ್ರೆಸಿಡೆಂಟ್ ಎಲೆಕ್ಷನ್‌ಗೆ ವಾಲಂಟಿಯರ್ ಆಗೋದು ಹೇಗೆ?

ಅಮೆರಿಕದಲ್ಲಿ ಮುಂದಿನ ಪ್ರೆಸಿಡೆಂಟ್ ಎಲೆಕ್ಷನ್ ಇರೋದು 2028ರ ನವೆಂಬರ್ 7ಕ್ಕೆ. ಅಲ್ಲಿರೋ ನಮ್ಮ ಓದುಗರು ಪ್ರಚಾರಕ್ಕೆ ಹೋಗೋ ವಿಷಯದಲ್ಲಿ ಕೇಳಿರೋ ಪ್ರಶ್ನೆಗಳನ್ನ ಈ ಸಲ ಒಟ್ಟಿಗೆ ತಗೊಂಡಿದೀನಿ. ಯಾರ ಪರ, ಯಾವ ಪಾರ್ಟಿ ಅನ್ನೋದು ನಿಮಗೆ ಬಿಟ್ಟಿದ್ದು, ಕೆಲಸ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ.

ಪ್ರಶ್ನೆ: ಮೇಡಂ, ನಾನು ಎಚ್-1ಬಿ ವೀಸಾದಲ್ಲಿ ಇದೀನಿ. ಒಬ್ಬ ಕ್ಯಾಂಡಿಡೇಟ್ ಮಾತು ಕೇಳಿ ಇವರಿಗೋಸ್ಕರ ಏನಾದ್ರೂ ಮಾಡ್ಬೇಕು ಅನ್ನಿಸ್ತಿದೆ. ನಮ್ಮ ಯಜಮಾನ್ರು "ನಮಗೆ ವೋಟೇ ಇಲ್ಲ, ಸುಮ್ನೆ ವೀಸಾಗೆ ತೊಂದರೆ ತಂದ್ಕೋಬೇಡ" ಅಂತಾರೆ. ಹೋಗ್ಬೋದಾ?

ಉತ್ತರ: ಹೋಗ್ಬೋದು. ಪ್ರಚಾರದ ದುಡ್ಡಿನ ನಿಯಮ ನೋಡ್ಕೊಳ್ಳೋ ಫೆಡರಲ್ ಎಲೆಕ್ಷನ್ ಕಮಿಷನ್ನೇ ಇದನ್ನ ಸ್ಪಷ್ಟವಾಗಿ ಹೇಳಿದೆ, ಬೇರೆ ದೇಶದ ಪ್ರಜೆ ಕೂಡ ಸಂಬಳ ತಗೊಳ್ದೆ ಪ್ರಚಾರದಲ್ಲಿ ಕೆಲಸ ಮಾಡ್ಬೋದು. ಫೋನ್ ಮಾಡ್ಬೋದು, ಮನೆಮನೆಗೆ ಹೋಗ್ಬೋದು, ಸಭೆಗೆ ಹೋಗಿ ಕೂತ್ಕೋಬೋದು. ಕೊಡಬಾರದೇ ಇರೋದು ದುಡ್ಡು. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರೋರು ಮಾತ್ರ ಕೊಡ್ಬೋದು, ಅವರಿಗೂ ಒಂದು ಮಿತಿ ಇರುತ್ತೆ, 2024ರಲ್ಲಿ ಒಬ್ಬ ಕ್ಯಾಂಡಿಡೇಟ್‌ಗೆ ಪ್ರೈಮರಿಗೆ (ಪಾರ್ಟಿ ತನ್ನ ಕ್ಯಾಂಡಿಡೇಟ್ ಆರಿಸೋ ಮೊದಲ ಸುತ್ತಿನ ಎಲೆಕ್ಷನ್) 3,300 ಡಾಲರ್, ನವೆಂಬರಿನ ಜನರಲ್ ಎಲೆಕ್ಷನ್‌ಗೆ ಮತ್ತೆ 3,300 ಅಂತ ಇತ್ತು. ನಿಮ್ಮ ವೀಸಾದಲ್ಲಿ ಐದು ಡಾಲರೂ ಕೊಡೋ ಹಾಗಿಲ್ಲ.

ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ, ಪ್ರಚಾರದ ವೆಬ್‌ಸೈಟಲ್ಲಿ ಟೀಶರ್ಟು ಟೋಪಿ ತಗೊಂಡ್ರೆ ಅದೂ ದೇಣಿಗೆ ಅಂತಾನೇ ಲೆಕ್ಕ, ಫಂಡ್‌ರೈಸರ್ ಊಟದ ಟಿಕೆಟ್ ತಗೊಂಡ್ರೂ ಅಷ್ಟೇ. ಹಾಗಂತ ಗ್ರೀನ್ ಕಾರ್ಡ್ ಇರೋ ಫ್ರೆಂಡ್ ಕೈಗೆ ನಿಮ್ಮ ದುಡ್ಡು ಕೊಟ್ಟು ಅವರ ಹೆಸರಲ್ಲಿ ಹಾಕ್ಸೋದು ಇನ್ನೂ ದೊಡ್ಡ ತಪ್ಪು, ಇನ್ನೊಬ್ಬರ ಹೆಸರಲ್ಲಿ ದೇಣಿಗೆ ಕೊಡೋದನ್ನ ಕಾನೂನು ಯಾರಿಗೂ ಬಿಟ್ಟಿಲ್ಲ. ಪ್ರಚಾರದವರು ಯಾವುದಕ್ಕೆ ಎಷ್ಟು ಖರ್ಚು ಮಾಡ್ಬೇಕು ಅಂತ ತೀರ್ಮಾನ ಮಾಡೋ ಮೀಟಿಂಗಲ್ಲೂ ನೀವು ಇರಬಾರದು. ಆಫೀಸ್ ಕೆಲಸದ ಹೊತ್ತಲ್ಲಿ ಬೇಡ, ಆಫೀಸ್ ಲ್ಯಾಪ್‌ಟಾಪೂ ಬೇಡ.

ನನಗೆ ನಿಜವಾಗ್ಲೂ ಭಯ ಇರೋದು ಬೇರೆ ಕಡೆ. ಸಭೆಗಳಲ್ಲಿ ಒಂದು ಟೇಬಲ್ ಹಾಕ್ಕೊಂಡು ವೋಟರ್ ರಿಜಿಸ್ಟ್ರೇಷನ್ ಮಾಡಿಸ್ತಾ ಇರ್ತಾರೆ, ಪಾಪ ಹುಡುಗರು ಉತ್ಸಾಹದಲ್ಲಿ ಬಂದೋರಿಗೆಲ್ಲಾ ಫಾರಂ ಚಾಚ್ತಾರೆ, ನೀವು ಸಂಕೋಚಕ್ಕೆ ಅಂತ ತುಂಬಿ ಸೈನ್ ಹಾಕ್ಬಿಟ್ರೆ ಅದರಲ್ಲಿ "ನಾನು ಸಿಟಿಜನ್" ಅಂತ ಬರ್ಕೊಟ್ಟ ಹಾಗಾಗುತ್ತೆ. ಅದು ದೇಶದಿಂದ ಹೊರಗೆ ಕಳಿಸೋ ತನಕ ಹೋಗ್ಬೋದಾದ ವಿಷಯ. "ನಾನು ಸಿಟಿಜನ್ ಅಲ್ಲ" ಅಂತ ನಗ್ತಾನೇ ಹೇಳಿ ಮುಂದೆ ಹೋಗಿ, ಯಾರೂ ಏನೂ ಅಂದ್ಕೊಳ್ಳಲ್ಲ. ಯಜಮಾನ್ರಿಗೆ ಇನ್ನೂ ಸಮಾಧಾನ ಆಗ್ಲಿಲ್ಲ ಅಂದ್ರೆ ಇಮಿಗ್ರೇಷನ್ ವಕೀಲರ ಹತ್ರ ಒಂದು ಸಲ ಕೇಳಿ, ಅವರ ಆತಂಕ ತಳ್ಳಿಹಾಕೋ ಅಂಥದ್ದೇನಲ್ಲ.

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಶನಿವಾರ ಭಾನುವಾರ ಪೆನ್ಸಿಲ್ವೇನಿಯಾಗೆ ಹೋಗಿ ಬಾಗಿಲು ತಟ್ತೀನಿ ಅಂತ ಹಟ ಹಿಡಿದಿದಾಳೆ. ಗುರುತು ಪರಿಚಯ ಇಲ್ಲದ ಮನೆ ಬಾಗಿಲಿಗೆ ಹೆಣ್ಣು ಮಗೂನ ಹೇಗೆ ಕಳಿಸ್ಲಿ?

ಉತ್ತರ: ಒಬ್ಬಳನ್ನೇ ಕಳಿಸ್ಬೇಡಿ, ಆದ್ರೆ ಬೇಡ ಅಂತಾನೂ ಅನ್ನಬೇಡಿ. ಸಾಧ್ಯ ಆದ್ರೆ ಮೊದಲನೇ ಸಲ ನೀವೇ ಜೊತೆಗೆ ಹೋಗಿ.

ಅಲ್ಲಿ ಏನು ನಡೆಯುತ್ತೆ ಅಂತ ಗೊತ್ತಾದ್ರೆ ಅರ್ಧ ಭಯ ಹೋಗುತ್ತೆ. ಬೆಳಗ್ಗೆ ಪ್ರಚಾರದ ಆಫೀಸಲ್ಲೋ ಯಾರದ್ದೋ ಮನೆ ಗ್ಯಾರೇಜಲ್ಲೋ ಎಲ್ಲಾ ಸೇರ್ತಾರೆ, ಸ್ವಲ್ಪ ಹೊತ್ತು ಟ್ರೇನಿಂಗ್ ಕೊಟ್ಟು ಇಬ್ಬಿಬ್ಬರನ್ನ ಜೋಡಿ ಮಾಡಿ ಒಂದೊಂದು ಏರಿಯಾ ಕೊಡ್ತಾರೆ. ಫೋನಲ್ಲಿ ಒಂದು ಆ್ಯಪ್ ಇರುತ್ತೆ, ಡೆಮಾಕ್ರಟಿಕ್ ಕಡೆಯವರು ಮಿನಿವ್ಯಾನ್ ಅನ್ನೋದನ್ನ ಬಳಸ್ತಾರೆ, ಅದರಲ್ಲಿ ಯಾವ ಮನೆ, ಅಲ್ಲಿ ಯಾವ ವೋಟರ್ ಹೆಸರು, ವಯಸ್ಸು ಎಲ್ಲಾ ಬರುತ್ತೆ. ಬೀದಿಲಿರೋ ಎಲ್ಲಾ ಮನೆಗೂ ಹೋಗಲ್ಲ, ಲಿಸ್ಟಲ್ಲಿರೋ ಮನೆಗೆ ಮಾತ್ರ. ತುಂಬಾ ಮನೇಲಿ ಯಾರೂ ಬಾಗಿಲೇ ತೆಗೆಯಲ್ಲ, ಇದನ್ನ ಮಗಳಿಗೆ ಮೊದಲೇ ಹೇಳಿ ಕಳಿಸಿ, ಇಲ್ಲಾಂದ್ರೆ ಮಧ್ಯಾಹ್ನದೊಳಗೆ ಮುಖ ಸಪ್ಪಗಾಗುತ್ತೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಬರೋದು, ಆದ್ರೆ ಮೇಲ್‌ಬಾಕ್ಸ್ ಒಳಗೆ ಮಾತ್ರ ಹಾಕಬಾರದು, ಸ್ಟ್ಯಾಂಪ್ ಇಲ್ಲದ ಕಾಗದ ಅದರೊಳಗೆ ಹಾಕೋದು ಫೆಡರಲ್ ಕಾನೂನಿನ ಪ್ರಕಾರ ತಪ್ಪು, ಹೊಸಬರೆಲ್ಲ ಮಾಡೋದು ಇದನ್ನೇ.

ಬಾಗಿಲು ತೆಗೆದೋರ ಹತ್ರ ಭಾಷಣ ಬೇಡ. ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ನಿಂತ್ಕೊಂಡು, ಹೆಸರು ಹೇಳಿ, "ಈ ಸಲ ನಿಮಗೆ ಯಾವ ವಿಷಯ ಮುಖ್ಯ?" ಅಂತ ಕೇಳಿ ಸುಮ್ಮನಿರ್ಬೇಕು. ಔಷಧಿ ರೇಟು, ಮನೆ ಬಾಡಿಗೆ, ಮಗನ ಕೆಲಸ ಏನಾದ್ರೂ ಒಂದು ಬರುತ್ತೆ. ನಾನು ಹೋದಾಗೆಲ್ಲಾ ನೋಡಿದೀನಿ, ನಾವು ಹೇಳಿದ್ದಕ್ಕಿಂತ ನಾವು ಕೇಳಿಸ್ಕೊಂಡಿದ್ದೇ ಅವರ ಮನಸ್ಸಲ್ಲಿ ನಿಲ್ಲೋದು. ಆಮೇಲೆ ವೋಟ್ ಹಾಕೋಕೆ ಯಾವತ್ತು ಹೋಗ್ತೀರಾ, ಹೇಗೆ ಹೋಗ್ತೀರಾ ಅಂತ ಕೇಳೋದು, ಅದು ಸುಮ್ನೆ ಔಪಚಾರಿಕ ಪ್ರಶ್ನೆ ಅಲ್ಲ, ಆ ಉತ್ತರ ಬಾಯಲ್ಲಿ ಹೇಳಿದೋರಿಗೆ ಆ ದಿನ ನೆನಪಿರುತ್ತೆ. 1998ರಲ್ಲಿ ಯೇಲ್ ಯೂನಿವರ್ಸಿಟಿಯವರು ನ್ಯೂ ಹೇವನ್ ಊರಲ್ಲಿ ಸುಮಾರು 30,000 ವೋಟರ್‌ಗಳನ್ನ ಇಟ್ಕೊಂಡು ಪ್ರಯೋಗ ಮಾಡಿದ್ರು, ಕೆಲವರಿಗೆ ಪೋಸ್ಟು, ಕೆಲವರಿಗೆ ಫೋನು, ಕೆಲವರ ಮನೆಗೆ ನೇರವಾಗಿ ಜನ. ಪೋಸ್ಟು ಸ್ವಲ್ಪ ಕೆಲಸ ಮಾಡ್ತು, ದುಡ್ಡು ಕೊಟ್ಟು ಮಾಡಿಸಿದ ಫೋನು ಏನೂ ಮಾಡ್ಲಿಲ್ಲ, ಮನೆಗೆ ಹೋಗಿ ಮಾತಾಡಿದ್ದು ವೋಟ್ ಹಾಕೋರನ್ನ ಎದ್ದು ಕಾಣೋ ಹಾಗೆ ಹೆಚ್ಚಿಸ್ತು. ನಿಮ್ಮ ಮಗಳು ಆರಿಸ್ಕೊಂಡಿರೋದು ಅದೇ ಕೆಲಸ.

ಕಾನೂನಿನ ಕಡೆಯಿಂದ ಹೆದರಬೇಡಿ. ಒಹಾಯೋದ ಸ್ಟ್ರ್ಯಾಟನ್ ಅನ್ನೋ ಸಣ್ಣ ಊರಿನವರು ಬಾಗಿಲು ತಟ್ಟೋಕೆ ಪರ್ಮಿಟ್ ಬೇಕು ಅಂತ ನಿಯಮ ಮಾಡಿದ್ದಾಗ 2002ರಲ್ಲಿ ಸುಪ್ರೀಂ ಕೋರ್ಟು ಅದನ್ನ ಒಪ್ಪಲಿಲ್ಲ. ಆದ್ರೂ ಯಾರಾದ್ರೂ ಬೇಡ ಅಂದ್ರೆ ಥ್ಯಾಂಕ್ಯೂ ಹೇಳಿ ಹೊರಟುಬಿಡ್ಬೇಕು, ವಾದ ಬೇಡ. ನಾಯಿ ಇದ್ರೆ ಗೇಟ್ ದಾಟೋದು ಬೇಡ, ಮನೆ ಒಳಗೆ ಕರೆದ್ರೂ ಹೋಗೋದು ಬೇಡ, ಕತ್ತಲಾಗೋ ಮುಂಚೆ ವಾಪಸ್. ಇನ್ನೊಂದು, ನವೆಂಬರ್ ಎಲೆಕ್ಷನ್ ಹೊತ್ತಿಗೆ 18 ತುಂಬೋ ಹಾಗಿದ್ರೆ ಕೆಲವು ರಾಜ್ಯಗಳಲ್ಲಿ 17ಕ್ಕೇ ಪ್ರೈಮರಿಲಿ ವೋಟ್ ಹಾಕ್ಬೋದು. ಮಗಳು ಸಿಟಿಜನ್ ಆಗಿದ್ರೆ ನಿಮ್ಮ ರಾಜ್ಯದಲ್ಲಿ ಹೇಗಿದೆ ಅಂತ ನೋಡಿ, ಎಷ್ಟು ಖುಷಿ ಪಡ್ತಾಳೆ ಗೊತ್ತಾ!

ಪ್ರಶ್ನೆ: ರ‍್ಯಾಲಿಗೆ ಆನ್‌ಲೈನಲ್ಲಿ ಹೆಸರು ಕೊಟ್ಟಿದೀವಿ, ಕನ್ಫರ್ಮ್ ಅಂತ ಮೆಸೇಜ್ ಬಂದಿದೆ. ಊರಿಂದ ಬಂದಿರೋ ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗೋಣ ಅಂತ. ಆರಾಮಾಗಿ ಹೋಗ್ಬೋದಲ್ವಾ?

ಉತ್ತರ: ಕನ್ಫರ್ಮ್ ಅಂದ್ರೆ ಸೀಟು ಗ್ಯಾರಂಟಿ ಅಂತಲ್ಲ. ಸಾಮಾನ್ಯವಾಗಿ ಜಾಗಕ್ಕಿಂತ ಜಾಸ್ತಿ ಜನಕ್ಕೆ ಹಾಗೆ ಮೆಸೇಜ್ ಹೋಗಿರುತ್ತೆ, ಮೊದಲು ಬಂದೋರಿಗೆ ಮೊದಲು. ನಿಮ್ಮ ನಂಬರ್ ಅವರ ಕೈಗೆ ಸಿಕ್ತಲ್ಲ, ಇನ್ಮೇಲೆ ದುಡ್ಡು ಕೇಳೋ ಮೆಸೇಜ್ ದಿನಾ ಬರುತ್ತೆ, "ಸ್ಟಾಪ್" ಅಂತ ಕಳಿಸಿದ್ರೆ ಕಮ್ಮಿ ಆಗುತ್ತೆ.

ವಯಸ್ಸಾದೋರನ್ನ ಕರ್ಕೊಂಡು ಹೋಗೋದಾದ್ರೆ ಸ್ವಲ್ಪ ಯೋಚನೆ ಮಾಡಿ. 1968ರಲ್ಲಿ ಪ್ರೆಸಿಡೆಂಟ್ ಕ್ಯಾಂಡಿಡೇಟ್ ಆಗೋಕೆ ಪ್ರಚಾರ ಮಾಡ್ತಿದ್ದ ರಾಬರ್ಟ್ ಕೆನಡಿ ಹತ್ಯೆ ಆದ್ಮೇಲೆ ದೊಡ್ಡ ಕ್ಯಾಂಡಿಡೇಟ್‌ಗಳಿಗೆ ಸೀಕ್ರೆಟ್ ಸರ್ವಿಸ್ ಕಾವಲು ಬಂತು, 2024ರ ಜುಲೈ 13ಕ್ಕೆ ಪೆನ್ಸಿಲ್ವೇನಿಯಾದ ಬಟ್ಲರಲ್ಲಿ ಟ್ರಂಪ್ ಮೇಲೆ ಗುಂಡು ಹಾರಿದ್ದು, ಅಲ್ಲಿ ನೋಡೋಕೆ ಅಂತ ಬಂದಿದ್ದ ಒಬ್ಬರು ಪ್ರಾಣ ಕಳ್ಕೊಂಡಿದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಏರ್‌ಪೋರ್ಟ್ ಥರ ಮೆಟಲ್ ಡಿಟೆಕ್ಟರ್ ದಾಟ್ಬೇಕು, ದೊಡ್ಡ ಬ್ಯಾಗು, ಛತ್ರಿ ಅಂಥವನ್ನ ಒಳಗೆ ಬಿಡದೇ ಇರೋದೇ ಹೆಚ್ಚು, ಏನು ತರಬಾರದು ಅಂತ ಲಿಸ್ಟ್ ಕಳಿಸಿರ್ತಾರೆ ಓದ್ಕೊಳ್ಳಿ. ಕ್ಯೂಲಿ ಗಂಟೆಗಟ್ಟಲೆ ನಿಲ್ಲೋದಿರುತ್ತೆ, ಒಳಗೆ ಹೋದ್ಮೇಲೂ ತುಂಬಾ ಕಡೆ ಕುರ್ಚಿ ಇರಲ್ಲ. ಮಂಡಿ ನೋವಿರೋರಿಗೆ ಅಂಗವಿಕಲರ ದಾರಿ, ಕೂರೋ ಜಾಗ ಇದ್ಯಾ ಅಂತ ಮೊದಲೇ ಕೇಳಿ. ಫ್ರೀ ಸಭೆಗೆ ಟೂರಿಸ್ಟ್ ವೀಸಾದಲ್ಲಿ ಬಂದೋರೂ ಹೋಗ್ಬೋದು, ದುಡ್ಡು ಕೊಟ್ಟು ಹೋಗೋದು ಮಾತ್ರ ಬೇಡ.

ನನ್ನ ಮನಸ್ಸಿನ ಮಾತು ಹೇಳ್ಲಾ? ಪ್ರೈಮರಿಗೆ ಮುಂಚೆ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಕಡೆ ಲೈಬ್ರರಿ, ಸ್ಕೂಲ್ ಹಾಲಲ್ಲಿ ನಡೆಯೋ ಸಣ್ಣ ಸಭೆಗೆ ಹೋಗೋ ಅವಕಾಶ ಸಿಕ್ಕಿದ್ರೆ ಅದನ್ನ ಬಿಡಬೇಡಿ. ಅಲ್ಲಿ ಕೈ ಎತ್ತಿ ಪ್ರಶ್ನೆ ಕೇಳ್ಬೋದು, ಕ್ಯಾಂಡಿಡೇಟ್ ನಿಮ್ಮ ಮುಖ ನೋಡಿ ಉತ್ತರ ಕೊಡ್ಬೇಕಾಗುತ್ತೆ. ದೊಡ್ಡ ರ‍್ಯಾಲಿಲಿ ಸಿಗೋದು ಹುಮ್ಮಸ್ಸು, ಅದೂ ಬೇಕು, ಆದ್ರೆ ಮನುಷ್ಯ ಹೇಗೆ ಅಂತ ಗೊತ್ತಾಗೋದು ಈ ಸಣ್ಣ ರೂಮಲ್ಲಿ.

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾ, ಇಲ್ಲಿ ರಿಸಲ್ಟ್ ಮೊದಲೇ ಗೊತ್ತಿರುತ್ತೆ. ಫೋನ್ ಮಾಡೋಣ ಅಂದ್ರೆ ನನ್ನ ಇಂಗ್ಲಿಷ್ ಉಚ್ಚಾರಣೆ ಕೇಳಿ ಯಾರಾದ್ರೂ ನಕ್ರೆ ಅಂತ ಹಿಂಜರಿಕೆ.

ಉತ್ತರ: ನಗೋರು ಇರ್ತಾರೆ, ಫೋನ್ ಇಡೋರಂತೂ ಬೇಕಾದಷ್ಟು ಜನ, ಅವರು ಅಮೆರಿಕನ್ನರು ಫೋನ್ ಮಾಡಿದ್ರೂ ಇಡ್ತಾರೆ. ನಿಧಾನಕ್ಕೆ ಮಾತಾಡಿ, ಸ್ಕ್ರಿಪ್ಟ್ ಇದ್ದ ಹಾಗೇ ಓದ್ಬೇಡಿ, ನಿಮ್ಮ ಮಾತಲ್ಲಿ ಹೇಳಿ. ನೀವು ವಲಸೆ ಬಂದೋರು ಅನ್ನೋದು ದನಿಯಲ್ಲೇ ಗೊತ್ತಾಗುತ್ತಲ್ಲ, ಅಂಥೋರು ತಮ್ಮ ಸಂಜೆ ಬಿಟ್ಟು ಫೋನ್ ಮಾಡ್ತಿದಾರೆ ಅಂದ್ರೆ ಅದಕ್ಕೇ ಒಂದು ಬೆಲೆ ಇದೆ. ಲಿಸ್ಟಲ್ಲಿ ನಮ್ಮವರ ಹೆಸರು ಕಂಡ್ರೆ ಧೈರ್ಯವಾಗಿ ಕನ್ನಡದಲ್ಲೇ ನಮಸ್ಕಾರ ಅನ್ನಿ, ಇಡೋಕೆ ಹೊರಟಿದ್ದ ಫೋನು ಹಾಗೇ ನಿಲ್ಲುತ್ತೆ. ಫೋನೇ ಬೇಡ ಅಂದ್ರೆ ಟೆಕ್ಸ್ಟ್ ಕಳಿಸೋ ಕೆಲಸ ಇದೆ, ಪೋಸ್ಟ್‌ಕಾರ್ಡ್ ಬರೆಯೋದಿದೆ, ಡೇಟಾ ಎಂಟ್ರಿ ಇದೆ.

ಕ್ಯಾಲಿಫೋರ್ನಿಯಾ ವಿಷಯಕ್ಕೆ ಬಂದ್ರೆ, ಪ್ರೆಸಿಡೆಂಟ್ ಆರಿಸೋದು ರಾಜ್ಯಕ್ಕೆ ಇಷ್ಟು ಅಂತ ಹಂಚಿರೋ ಎಲೆಕ್ಟೋರಲ್ ವೋಟು, ಒಟ್ಟು 538ರಲ್ಲಿ 270 ಸಿಕ್ಕೋರು ಗೆದ್ದ ಹಾಗೆ, ಅದು ತೀರ್ಮಾನ ಆಗೋದು ಕೆಲವೇ ರಾಜ್ಯಗಳಲ್ಲಿ. 2000ದಲ್ಲಿ ಫ್ಲೋರಿಡಾ ಬರೀ 537 ವೋಟಿನ ಅಂತರದಲ್ಲಿ ತೀರ್ಮಾನ ಆಯ್ತು, ಅದರ ಜೊತೆ ಪ್ರೆಸಿಡೆಂಟ್ ಪದವಿನೂ. 2020ರಲ್ಲಿ ಆರಿಜೋನಾದಲ್ಲಿ ಅಂತರ 10,457, ಜಾರ್ಜಿಯಾದಲ್ಲಿ 11,779. ನಿಮ್ಮ ಮನೆಯ ಫೋನಿಂದ ಆ ರಾಜ್ಯಗಳಿಗೇ ಮಾತಾಡೋದು. ಎಲೆಕ್ಷನ್ ಹತ್ರ ಬಂದಾಗ ಕ್ಯಾಲಿಫೋರ್ನಿಯಾದಿಂದ ನೆವಾಡಾಗೆ ವೀಕೆಂಡಲ್ಲಿ ಕಾರು ಬಸ್ಸು ಮಾಡ್ಕೊಂಡು ಹೋಗೋರೂ ಇದಾರೆ.

ಪ್ರಶ್ನೆ: ತಿಂಗಳುಗಟ್ಟಲೆ ದುಡಿದೆ, ನಮ್ಮ ಕ್ಯಾಂಡಿಡೇಟ್ ಮೊದಲ ವೋಟ್ ಬೀಳೋ ಮುಂಚೆನೇ ಹಿಂದೆ ಸರಿದ್ರು. ಈಗ ಯಾವುದರಲ್ಲೂ ಮನಸ್ಸಿಲ್ಲ. ಮಾಡಿದ್ದೆಲ್ಲಾ ದಂಡ ಅನ್ನಿಸ್ತಿದೆ.

ಉತ್ತರ: ಈ ಪತ್ರ ಓದಿ ನನಗೂ ಕಷ್ಟ ಆಯ್ತು. ಆ ಆಫೀಸಿನ ಗೋಡೆ ಮೇಲಿನ ಪೋಸ್ಟರ್ ಕಿತ್ತು ಬಾಕ್ಸಿಗೆ ಹಾಕೋ ದಿನ ಹೇಗಿರುತ್ತೆ ಅಂತ ಗೊತ್ತು, ಸ್ವಲ್ಪ ದಿನ ದುಃಖ ಪಡಿ, ಯಾರಾದ್ರೂ "ಅಷ್ಟಕ್ಕೆಲ್ಲಾ ಯಾಕೆ" ಅಂದ್ರೆ ಕಿವಿಗೆ ಹಾಕ್ಕೋಬೇಡಿ.

ಆದ್ರೆ ದಂಡ ಅಂತ ಮಾತ್ರ ಅನ್ನಬೇಡಿ. 1968ರಲ್ಲಿ ಯೂಜೀನ್ ಮೆಕಾರ್ಥಿ ಅನ್ನೋ ಸೆನೆಟರ್ ವಿಯೆಟ್ನಾಂ ಯುದ್ಧ ನಿಲ್ಲಿಸ್ಬೇಕು ಅಂತ ತನ್ನ ಪಾರ್ಟಿಯ ಪ್ರೆಸಿಡೆಂಟ್ ಜಾನ್ಸನ್ ವಿರುದ್ಧವೇ ನಿಂತ್ರು. ಕಾಲೇಜು ಹುಡುಗರು ಉದ್ದ ಕೂದಲು, ಗಡ್ಡ ತೆಗೆಸ್ಕೊಂಡು, ದೊಡ್ಡೋರು ಬಾಗಿಲು ತೆಗೀಲಿ ಅಂತ, ನ್ಯೂ ಹ್ಯಾಂಪ್‌ಶೈರ್ ಚಳಿಯಲ್ಲಿ ಮನೆಮನೆ ಸುತ್ತಿದ್ರು. ಮಾರ್ಚ್ 12ಕ್ಕೆ ಮೆಕಾರ್ಥಿಗೆ ಬಂದಿದ್ದು 42 ಪರ್ಸೆಂಟು, ಗೆದ್ದಿದ್ದು ಜಾನ್ಸನ್ನೇ. ಆದ್ರೆ ಆ ತಿಂಗಳು ಮುಗಿಯೋದ್ರೊಳಗೆ, ಮಾರ್ಚ್ 31ಕ್ಕೆ, ಜಾನ್ಸನ್ ತಾನು ಮತ್ತೆ ನಿಲ್ಲಲ್ಲ ಅಂತ ಟಿವಿಲಿ ಹೇಳಿದ್ರು. ಮೆಕಾರ್ಥಿಗೆ ಪಾರ್ಟಿ ಟಿಕೆಟ್ ಕೊನೆಗೂ ಸಿಗ್ಲಿಲ್ಲ, ಹಾಗಂತ ಆ ಹುಡುಗರ ಕೆಲಸ ವ್ಯರ್ಥ ಅನ್ನೋಕಾಗುತ್ತಾ? ಕಮಲಾ ಹ್ಯಾರಿಸ್ 2019ರ ಡಿಸೆಂಬರಲ್ಲಿ, ಅಯೋವಾ ಕಾಕಸ್‌ಗೂ (ಪಾರ್ಟಿಯವರು ಸಭೆ ಸೇರಿ ಕ್ಯಾಂಡಿಡೇಟ್ ಆರಿಸೋದು) ಮುಂಚೆ ಬಿಟ್ಟುಕೊಟ್ರು, 2024ರಲ್ಲಿ ಅವರೇ ಪಾರ್ಟಿಯ ಕ್ಯಾಂಡಿಡೇಟ್ ಆದ್ರು. ಬೈಡನ್ 2020ರಲ್ಲಿ ಅಯೋವಾದಲ್ಲಿ ನಾಲ್ಕನೇ ಜಾಗ, ನ್ಯೂ ಹ್ಯಾಂಪ್‌ಶೈರಲ್ಲಿ ಐದನೇದು, ಆಮೇಲೆ ಪ್ರೆಸಿಡೆಂಟ್.

ಬಾಗಿಲಲ್ಲಿ ನಿಂತು ಕಷ್ಟ ಕೇಳೋಕೆ ಕಲಿತ್ರಲ್ಲ, ಅದನ್ನ ಯಾರೂ ವಾಪಸ್ ತಗೊಳ್ಳಲ್ಲ. ನಿಮ್ಮ ಊರಿನ ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಎಲೆಕ್ಷನ್‌ಗೆ ಬಾಗಿಲು ತಟ್ಟೋರು ಸಿಗದೇ ಒದ್ದಾಡ್ತಿರ್ತಾರೆ, ಮನಸ್ಸು ತಿಳಿಯಾದ್ಮೇಲೆ ಅಲ್ಲಿಗೆ ಹೋಗಿ.

ಪ್ರಶ್ನೆ: ನಾನು ಫೆಡರಲ್ ಸರ್ಕಾರದ ನೌಕರ, ಸಿಟಿಜನ್. ವಾಲಂಟಿಯರ್ ಆಗ್ಬೋದಾ?

ಉತ್ತರ: ನಿಮಗೆ ಹ್ಯಾಚ್ ಆ್ಯಕ್ಟ್ ಅನ್ವಯಿಸುತ್ತೆ, ಅದು ಫೆಡರಲ್ ನೌಕರರ ರಾಜಕೀಯ ಚಟುವಟಿಕೆಗೆ ಮಿತಿ ಹಾಕೋ 1939ರ ಕಾನೂನು. ಹೆಚ್ಚಿನ ಇಲಾಖೆಯವರು ಡ್ಯೂಟಿ ಮುಗಿದ್ಮೇಲೆ, ಆಫೀಸಿನ ಹೊರಗೆ, ಯೂನಿಫಾರಂ ಇಲ್ಲದೆ ಮಾಡ್ಬೋದು, ಆದ್ರೆ ಯಾವತ್ತೂ ಯಾರ ಹತ್ರಾನೂ ಪ್ರಚಾರಕ್ಕೆ ದುಡ್ಡು ಕೇಳೋ ಹಾಗಿಲ್ಲ. ಎಫ್‌ಬಿಐ, ಸಿಐಎ ಥರದ ಕಡೆ ಇದ್ರೆ ನಿಯಮ ಇನ್ನೂ ಬಿಗಿ, ವಾಲಂಟಿಯರ್ ಆಗೋ ಹಾಗೇ ಇಲ್ಲ. ಮೊದಲು ನಿಮ್ಮ ಇಲಾಖೆಯ ಎಥಿಕ್ಸ್ ಆಫೀಸರ್ ಹತ್ರ ಕೇಳಿ.

ಪ್ರಶ್ನೆ: ವೋಟ್ ಹಾಕೋಕೆ ಹೋಗುವಾಗ ಕ್ಯಾಂಡಿಡೇಟ್ ಹೆಸರಿರೋ ಟೀಶರ್ಟ್ ಹಾಕ್ಕೊಂಡು ಹೋಗ್ಬೋದಾ?

ಉತ್ತರ: ರಾಜ್ಯಕ್ಕೊಂದು ನಿಯಮ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಬೂತಿಂದ 100 ಅಡಿ ಒಳಗೆ ಹಾಕೋ ಹಾಗಿಲ್ಲ, ಟೋಪಿ, ಬ್ಯಾಡ್ಜೂ ಇಲ್ಲ. ಮೇಲೆ ಒಂದು ಜಾಕೆಟ್ ಹಾಕ್ಕೊಂಡು ಹೋಗಿ, ವೋಟ್ ಹಾಕಿ ಹೊರಗೆ ಬಂದ್ಮೇಲೆ ತೆಗೀರಿ.