ಮೊದಲು ಪ್ರೊಸೆಸರೋ, ಮದರ್‌ಬೋರ್ಡೋ?

ಪ್ರೋಗ್ರಾಮಿಂಗ್ ಕಲಿಕೆಗೂ ಅಲ್ಪಸ್ವಲ್ಪ ವಿಡಿಯೊ ಎಡಿಟಿಂಗಿಗೂ ಆಗುವಂತಹ ಡೆಸ್ಕ್‌ಟಾಪನ್ನು ದಾವಣಗೆರೆಯಲ್ಲೇ ಜೋಡಿಸಿಕೊಳ್ಳಲು ಹೊರಟಿರುವ ತಾವು, ಈ ಎರಡರಲ್ಲಿ ಯಾವುದನ್ನು ಮೊದಲು ಆರಿಸಬೇಕೆಂದು ಕೇಳಿದ್ದೀರಿ. ಪ್ರೊಸೆಸರನ್ನೇ ಮೊದಲು ನಿರ್ಧರಿಸಿ. ಅದರ ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಯಾವುದೋ ಅದಕ್ಕೆ ಹೊಂದುವ ಬೋರ್ಡನ್ನಷ್ಟೇ ಕೊಳ್ಳಲು ಸಾಧ್ಯ.

ಇಂಟೆಲ್‌ನ 12, 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎಲ್‌ಜಿಎ 1700 ಸಾಕೆಟ್‌ನಲ್ಲಿ ಕೂರುತ್ತವೆ; ಆದರೆ 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಬೇಕಾದ್ದರಿಂದ, ಹಳೆಯ ಬೋರ್ಡನ್ನು ಉಳಿಸಿಕೊಂಡು ಅದಕ್ಕೆ ಏರುವ ದಾರಿಯಿಲ್ಲ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂದಿದ್ದು, ರೈಝೆನ್ 7000, 8000 ಮತ್ತು 9000 ಸರಣಿಗಳ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಅದೊಂದೇ ಸಾಕು. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಲೋಚನೆಯಿದ್ದರೆ ನನ್ನ ಒಲವು ಎಎಂ5 ಕಡೆಗೆ. ಆದರೆ ಅದು ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಅನ್ನು ಮಾತ್ರ ಒಪ್ಪುತ್ತದೆ. ಎಲ್‌ಜಿಎ 1700 ಬೋರ್ಡ್‌ಗಳಲ್ಲಿ ಹಳೆಯ ತಲೆಮಾರಿನ ಡಿಡಿಆರ್4 ಇರುವವೂ ಸಿಗುತ್ತವೆ.

ಐ5 12400ಎಫ್‌ನಂತೆ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲವಾದ್ದರಿಂದ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಕಾಣದು. ಅಂಗಡಿಯವರು ಅಗ್ಗವೆಂದು ಮೊದಲು ತೋರಿಸುವುದು ಬಹುಶಃ ಇದನ್ನೇ. ರೈಝೆನ್ 5 7600ರಲ್ಲಿ ಸಣ್ಣ ಗ್ರಾಫಿಕ್ಸ್ ಒಳಗೇ ಇದೆ.

ಎಎಂ5ಗೆ ಬಿ650 ಚಿಪ್‌ಸೆಟ್‌ನ (ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್) ಬೋರ್ಡ್ ಧಾರಾಳವಾಗಿ ಸಾಕು. ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸುವ ವಿಆರ್‌ಎಂ ಭಾಗದ ಮೇಲೆ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ಇರುವುದನ್ನೇ ಆರಿಸಿ. ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಗಂಟೆಗಟ್ಟಲೆ ವಿಡಿಯೊ ರೆಂಡರ್ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ. 9000 ಸರಣಿಯ ಪ್ರೊಸೆಸರ್ ಕೊಳ್ಳುವುದಾದರೆ, ಹಳೆಯ ದಾಸ್ತಾನಿನ ಬೋರ್ಡಿನ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಒಳಗಿನ ತಂತ್ರಾಂಶ) ಅನ್ನು ಅಂಗಡಿಯಲ್ಲೇ ನವೀಕರಿಸಿಕೊಂಡು ತನ್ನಿ.