‘ಬಿಲಿಟಲ್’ ಪಕ್ಕ ‘ಅಬೌಟ್’ ಬೇಕಾ?

ಪ್ರಶ್ನೆ: ಮೇಡಂ, ಮೀಟಿಂಗ್‌ನಲ್ಲಿ ಮ್ಯಾನೇಜರ್ ಎಲ್ಲರೆದುರು ನನ್ನ ಇಂಗ್ಲಿಷನ್ನು ಆಡಿಕೊಂಡರು. ದೂರಿನಲ್ಲಿ ‘ಹೀ ಬಿಲಿಟಲ್ಡ್ ಅಬೌಟ್ ಮಿ’ ಎಂದು ಬರೆದಿದ್ದೇನೆ. ಸರಿಯಾ?
– ಓದುಗಿ, ತುಮಕೂರು

ಉತ್ತರ: ‘ಅಬೌಟ್’ ತೆಗೆದುಬಿಡಿ ತಾಯಿ. ‘ಹೀ ಬಿಲಿಟಲ್ಡ್ ಮಿ’, ಅಷ್ಟೇ. ‘ನನ್ನ ಬಗ್ಗೆ ಹಗುರವಾಗಿ ಮಾತಾಡಿದರು’ ಅಂತೀವಲ್ವಾ, ಆ ‘ಬಗ್ಗೆ’ಯೇ ಇಲ್ಲಿ ನುಸುಳಿದೆ. ‘ನನ್ನನ್ನು ಹೀಯಾಳಿಸಿದರು’ ಎಂದುಕೊಂಡು ಬರೆಯಿರಿ, ತಪ್ಪುವುದಿಲ್ಲ.

ಪದದ ಒಳಗೇ ‘ಲಿಟಲ್’ ಇದೆ ನೋಡಿ: ಚಿಕ್ಕದು ಮಾಡು. 1780ರ ದಶಕದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅಲ್ಲಿನ ವರ್ಜೀನಿಯಾ ರಾಜ್ಯದ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ಬಳಸಿದರು. ಇದೆಂಥ ಪದ ಎಂದು ಲಂಡನ್ನಿನ ಪತ್ರಿಕೆಯೊಂದು ಅವರನ್ನೇ ಹೀಯಾಳಿಸಿತು! ಇವತ್ತು ಆ ಪದ ಎಲ್ಲ ನಿಘಂಟಿನಲ್ಲೂ ಇದೆ.

ದೂರಿನಲ್ಲಿ ಮ್ಯಾನೇಜರ್ ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ. ತಾರೀಖು ಮರೆಯಬೇಡಿ.